ಕಣ್ಣಾರೆ ಕಂಡಿರುತ್ತೇವೆ

8, ಶನಿವಾರ. ಸಂಜೆ 7

ಮೂರು–ಸೊನ್ನೆ. ಸೋತವರು ನಾವೇ ಎಂದು ಪ್ರತ್ಯೇಕವಾಗಿ ನಮೂದಿಸುವ ಅಗತ್ಯವಿಲ್ಲ. ಸತತ ಏಳನೆಯ ಸೋಲು. ಉಳಿದಿರುವುದು ಮೂರು ಪಂದ್ಯ. ಅದರಲ್ಲಿ ಎರಡು ಸೋತರೆ ಕೆಳಗಿನ ಡಿವಿಜನ್ನಿಗೆ ಇಳಿದಂತೆ. ಐವತ್ತೆರಡು ವರ್ಷಗಳಲ್ಲಿ ಅತ್ತ ತಿರುಗಿಯೂ ನೋಡದ ಫುಟ್‌ಬಾಲ್ ಕ್ಲಬ್ಬು ಇದು.

ಯಥಾಪ್ರಕಾರ ಗೋಲಿನ ಹಿಂದಿನ ಮೂರನೆಯ ಸಾಲು, ಕಂಬದ ಪಕ್ಕದ ಕುರ್ಚಿ. ಮೊದಲ ಗೋಲು — ನಮ್ಮವರ ಉಸಿರೆಲ್ಲ ಒಟ್ಟಿಗೆ ಒಳಕ್ಕೆ ಹೋದದ್ದರಿಂದ ತಿಳಿಯಿತು. ಎರಡನೆಯದು — ಎದುರಿನ ಸ್ಟ್ಯಾಂಡಿನ ಕೂಗಿನಿಂದ. ಮೂರನೆಯದಕ್ಕೆ ಕೂಗೂ ಇಲ್ಲ, ಕುರ್ಚಿಗಳು ಮಡಚಿಕೊಳ್ಳುವ ಸದ್ದು ಮಾತ್ರ. ಜನ ಎದ್ದು ಹೊರಟಿದ್ದರು.

ಚೆಂಡು ಕಂಡು ಎರಡು ತಿಂಗಳಾಯಿತು. ನೋಟದ ನಟ್ಟನಡುವೆ ಬೂದು ಮಚ್ಚೆ. ಏನನ್ನು ನೋಡಬೇಕೆಂದು ತಿರುಗುತ್ತೇನೋ ಅದೇ ಅಳಿಸಿಹೋಗುತ್ತದೆ, ಅಂಚಿನಲ್ಲಿರುವುದು ಉಳಿಯುತ್ತದೆ. ಈ ಸಾಲುಗಳನ್ನೂ ದಪ್ಪ ಪೆನ್ನಿನಲ್ಲಿ, ಕೆಳಗೆ ಅಡಿಕೋಲು ಇಟ್ಟು, ಕತ್ತು ಓರೆ ಮಾಡಿಕೊಂಡು ಬರೆಯುತ್ತಿದ್ದೇನೆ. ಸದರಿ ವಿಷಯ ಯಾರಿಗೂ ತಿಳಿದಿಲ್ಲ. ತಿಳಿಯಕೂಡದು. ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಅರ್ಜಿಗಳ ನಕಲು ತೆಗೆದ ಕೈ ಇದು. ಒಂದು ಒತ್ತಕ್ಷರ ತಪ್ಪಿದ್ದಿಲ್ಲ. ಅಭಿಮಾನಿಗಳ ಸಂಘಕ್ಕೆ ಹತ್ತೊಂಬತ್ತು ವರ್ಷದಿಂದ ಕಾರ್ಯದರ್ಶಿ. ಕುರುಡ ಕಾರ್ಯದರ್ಶಿ ಎನ್ನಿಸಿಕೊಳ್ಳುವ ದಿನ ಬಂದರೆ...

ಸಂಘದ ಅಧ್ಯಕ್ಷ, ಸಿಟಿ ಬಸ್ಸಿನ ಡ್ರೈವರ್, ಹೊರಡುವಾಗ ಭುಜ ತಟ್ಟಿದ. "ನೋಡಿದ್ರಾ ರೈಟರ್ ಸಾರ್, ಆ ಮೂರನೇ ಗೋಲು? ನಮ್ಮ ಕೀಪರ್ ಹಾವು ಕಂಡವನ ಹಾಗೆ ಪಕ್ಕಕ್ಕೆ ಹಾರಿದ!"

"ನೋಡಿದೆ. ನಾಚಿಕೆಗೇಡು," ಎಂದೆ. ಎರಡನೆಯ ಮಾತಾದರೂ ನಿಜ.

9, ಭಾನುವಾರ. ಮಧ್ಯಾಹ್ನ 2

ಸಂಘದ ಕೋಣೆ. ಕೆಳಗೆ ಕಟಿಂಗ್ ಶಾಪು, ಮೇಲೆ ನಾವು. ಇಪ್ಪತ್ತು ಕುರ್ಚಿ, ನಲವತ್ತು ಜನ. ಹನ್ನೊಂದು ಗಂಟೆಗೆ ನಮ್ಮ ಕ್ಲಬ್ಬಿನ ಮ್ಯಾನೇಜರ್ ಟೀವಿಯಲ್ಲಿ ಬಂದರು, ನೇರಪ್ರಸಾರ. ಏಳು ಸೋಲಿಗೆ ಏನು ವಿವರಣೆ ಕೊಡುತ್ತಾರೆಂದು ಎಲ್ಲರೂ ಕಾದಿದ್ದರು. ನಾನು ಮೊದಲ ಸಾಲಿನಲ್ಲಿ. ಕೋಟಿನ ಎರಡು ಭುಜಗಳು ಕಂಡವು. ಮುಖವಿರಬೇಕಾದಲ್ಲಿ ಮಚ್ಚೆ.

ಮೊದಲ ಪ್ರಶ್ನೆಗೇ ಗದ್ದಲ ಎದ್ದಿತು.

"ಏ, ಏನಾಗಿದೆ ಇವನಿಗೆ? ನಾಲಿಗೆ ಹೊರಳ್ತಾನೇ ಇಲ್ಲ!"

"ಹೊರಳೋದು ಹೇಗೆ, ಈಜಾಡ್ತಾ ಇದೆಯಲ್ಲ!"

"ಬೆಳಿಗ್ಗೆ ಹನ್ನೊಂದಕ್ಕೇ ಏರಿಸ್ಕೊಂಡು ಬಂದಿದಾನೆ, ಪುಣ್ಯಾತ್ಮ!"

"ನೀರು ಕುಡಿಯೋದು ನೋಡ್ರೋ — ಅರ್ಧ ಹೊಟ್ಟೆಗೆ, ಅರ್ಧ ಟೈಗೆ!"

ಕೋಣೆಯೇ ನಕ್ಕಿತು. ನಾನೂ ನಕ್ಕೆ, ಒಂದು ಕ್ಷಣ ತಡವಾಗಿ. ಆ ಗಲಾಟೆಯಲ್ಲಿ ಮ್ಯಾನೇಜರರ ಒಂದು ಮಾತೂ ನನ್ನ ಕಿವಿಗೆ ತಲುಪಲಿಲ್ಲ.

ಕೆಳಗಿನ ಶಾಪಿನವನು — ಎಲ್ಲರ ಬಾಯಲ್ಲೂ ಅವನು ಕತ್ತರಿ — ಒಬ್ಬನೇ ಅಡ್ಡ ಮಾತಾಡಿದ. "ಅವ್ರು ಕುಡಿಯಲ್ಲ ಕಣ್ರಪ್ಪಾ. ಎರಡು ವರ್ಷದಿಂದ ಅವ್ರ ಮನೆಗೇ ಹೋಗಿ ಶೇವಿಂಗ್ ಮಾಡ್ತಿದೀನಿ. ಒಂದು ದಿನಾನೂ ವಾಸನೆ ಬಂದಿಲ್ಲ."

"ನಿನ್ನ ಮೂಗಿಗೆ ಪೌಡರ್ ಬಿಟ್ಟು ಇನ್ನೇನು ತಿಳಿಯುತ್ತೆ, ಕೂತ್ಕೊಳೋ," ಎಂದ ಡ್ರೈವರ್.

ನಿರ್ಣಯವಾಯಿತು. ಆಡಳಿತ ಮಂಡಳಿಗೆ ಮನವಿ: ಮ್ಯಾನೇಜರರನ್ನು ವಜಾ ಮಾಡತಕ್ಕದ್ದು. ಮಂಡಳಿಯ ಸಭೆ ಗುರುವಾರ. "ರೈಟರ್ ಸಾರ್, ನಾವು ನೂರು ಸಲ ಕೂಗಿದ್ರೂ ಅವ್ರಿಗೆ ಕೇಳಲ್ಲ. ನಿಮ್ಮ ಕಾಗದ ಹೋದ್ರೆ ಎದ್ದು ನಿಂತು ಓದ್ತಾರೆ. ಬರೀರಿ," ಎಂದ ಡ್ರೈವರ್.

ಹಿಗ್ಗಿದೆ ಎಂಬುದನ್ನು ಮರೆಮಾಚುವುದಿಲ್ಲ.

10, ಸೋಮವಾರ. ಬೆಳಿಗ್ಗೆ 11

ಮನವಿ ಸಿದ್ಧ. ಮುಖ್ಯ ಭಾಗದ ನಕಲು:

"...ಮೇಲ್ಕಂಡ ವ್ಯವಸ್ಥಾಪಕರು ಸಾರ್ವಜನಿಕ ಪ್ರಸಾರದಲ್ಲಿ ಪಾನಮತ್ತರಾಗಿ ಕಾಣಿಸಿಕೊಂಡು, ಮಾತು ತೊದಲಿ, ಅಕಾರಣವಾಗಿ ನಕ್ಕು, ಕ್ಲಬ್ಬಿನ ಘನತೆಗೆ ಕುಂದು ತಂದಿರುವುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ. ಆದ ಕಾರಣ ತಾವು ದಯವಿಟ್ಟು..."

ನಾನೂರ ಹನ್ನೆರಡು ಸಹಿ, ನಿನ್ನೆಯೇ ಹುಡುಗರು ಬೀದಿ ಬೀದಿ ಸುತ್ತಿ ತಂದದ್ದು. ಕೊನೆಯಲ್ಲಿ ರೂಢಿಯಂತೆ ಕಾರ್ಯದರ್ಶಿಯ ದೃಢೀಕರಣ: ಮೇಲಿನ ಸಂಗತಿಗಳನ್ನು ನಾನು ಖುದ್ದಾಗಿ ನೋಡಿರುತ್ತೇನೆ. ಆ ಸಾಲಿನ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ನಂತರ ನಡೆಯಿತು. ಹತ್ತೊಂಬತ್ತು ವರ್ಷದಿಂದ ಇದ್ದ ಸಾಲು. ಈಗ ಬಿಟ್ಟರೆ ಏಕೆ ಬಿಟ್ಟಿರೆಂದು ಕೇಳುತ್ತಾರೆ.

ಹನ್ನೆರಡಕ್ಕೆ ಡ್ರೈವರ್ ಒಯ್ಯುತ್ತಾನೆ.

11, ಮಂಗಳವಾರ. ಸಂಜೆ 5

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತೂವರೆಗೆ ಕ್ಷೌರಕ್ಕೆ ಹೋಗಿದ್ದೆ. ಶಾಪಿನಲ್ಲಿ ನಾನು, ಕತ್ತರಿ, ಇನ್ನೊಬ್ಬ ಗಿರಾಕಿ. ಆ ಗಿರಾಕಿ ಮೊಬೈಲಿನಲ್ಲಿ ಮ್ಯಾನೇಜರರ ಮಾತಿಗೆ ಡೋಲು ಕೂಡಿಸಿ ಯಾರೋ ಮಾಡಿದ ಹಾಡು ಹಾಕಿಕೊಂಡು ನಗುತ್ತಿದ್ದ. "ಅದನ್ನ ನಿಲ್ಸಿ, ಸರಿಯಾದ್ದು ಹಾಕಿ," ಎಂದ ಕತ್ತರಿ. ಗಿರಾಕಿ ಭಾನುವಾರದ ಪೂರ್ತಿ ಸಂದರ್ಶನ ಹಾಕಿದ. ಕುತ್ತಿಗೆಗೆ ಬಟ್ಟೆ, ಮುಖಕ್ಕೆ ನೊರೆ. ಕಣ್ಣು ಮುಚ್ಚಿ ಕುಳಿತಿದ್ದೆ. ಆ ಧ್ವನಿಯನ್ನು ನೆಟ್ಟಗೆ ಕೇಳಿದ್ದು ಅದೇ ಮೊದಲು.

ಕುಡಿದವರ ಮಾತು ನನಗೆ ಗೊತ್ತು. ನಮ್ಮ ಹೆಡ್ ಗುಮಾಸ್ತರು ಹನ್ನೊಂದು ವರ್ಷ ಅಮಲಿನಲ್ಲೇ ಡಿಕ್ಟೇಷನ್ ಕೊಟ್ಟರು. ಅಮಲಿನ ಮಾತು ಉದ್ದಕ್ಕೂ ಸಡಿಲ. ಆಡುವವನಿಗೆ ಅದರ ಅರಿವೇ ಇರುವುದಿಲ್ಲ. ಇದು ಹಾಗಲ್ಲ. ಬುದ್ಧಿ ನೆಟ್ಟಗಿದೆ, ವಾಕ್ಯ ನೆಟ್ಟಗಿದೆ — ಬಾಯಿಯ ಒಂದು ಬದಿ ಜೊತೆಗೆ ಬರುತ್ತಿಲ್ಲ. ತುಟಿ ಕೂಡಬೇಕಾದಲ್ಲಿ ಗಾಳಿ ಸೋರುತ್ತದೆ. ಸರಿಯಾಗಲಿಲ್ಲವೆಂದು ಅವರಿಗೂ ತಿಳಿಯುತ್ತದೆ. ನಿಲ್ಲುತ್ತಾರೆ. ಅದೇ ಮಾತನ್ನು ಮತ್ತೆ ಆಡುತ್ತಾರೆ, ಮತ್ತೆ ಸೋರುತ್ತದೆ. ಆಗ ಒಂದು ಸಣ್ಣ ನಗು. ಅಕಾರಣವಾಗಿ ನಕ್ಕು ಎಂದು ಬರೆದೆನಲ್ಲ, ಆ ನಗು. ಅದು ಹೆದರಿಕೆ.

ನನ್ನ ಮನೆಯವಳು ನಕ್ಕದ್ದೂ ಹಾಗೆಯೇ. ಆರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಕಾಫಿ ಲೋಟ ಕೊಡುತ್ತಾ ಏನೋ ಹೇಳಲು ಹೋಗಿ ತೊದಲಿದಳು. "ಬೆಳಬೆಳಿಗ್ಗೆ ಏನು ಗೊಣಗಾಟ, ಸರಿಯಾಗಿ ಮಾತಾಡು," ಎಂದು ಗದರಿದೆ. ನಕ್ಕಳು. ಮಧ್ಯಾಹ್ನಕ್ಕೆ ಮಾತು ಸರಿಹೋಯಿತು, ಮರೆತೆವು. ಐದನೆಯ ದಿನ ಬಚ್ಚಲ ಬಾಗಿಲಲ್ಲಿ ಬಿದ್ದಳು. ಲಕ್ವ. ಮತ್ತೆ ಏಳಲಿಲ್ಲ. ಮೊದಲ ದಿನವೇ ಕರೆತಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ನಾನು ಇಂದಿಗೂ ಮುಗಿಸಿಲ್ಲ.

ಅರ್ಧ ನೊರೆಯಲ್ಲೇ ಎದ್ದು ಬಸ್ ಡಿಪೋಗೆ ನಡೆದೆ. ಡ್ರೈವರ್ ಟೀ ಕುಡಿಯುತ್ತಿದ್ದ.

"ಅರ್ಜಿ ವಾಪಸ್ಸಾ? ಯಾಕೆ ಸಾರ್? ನಿನ್ನೆ ತಾನೇ ಕೊಟ್ಟಿದ್ದು, ಇನ್ನೂ ಮಸಿ ಒಣಗಿಲ್ಲ."

"ಮನುಷ್ಯನಿಗೆ ಮೈ ಸರಿಯಿಲ್ಲದ ಹಾಗಿದೆ. ಮತ್ತೊಮ್ಮೆ ಪರಿಶೀಲಿಸಿದಾಗ—"

"ಎಲ್ಲಿ? ತೋರ್ಸಿ." ಮೊಬೈಲನ್ನು ಮೂಗಿನ ಮುಂದೆ ಹಿಡಿದ. ಸುತ್ತ ಐದಾರು ಕಂಡಕ್ಟರುಗಳು ಸೇರಿದರು. "ನೀವೇ ಖುದ್ದು ನೋಡಿದವರು. ಕಣ್ಣು ನೋಡಿ. ಆ ಬಾಯಿ ನೋಡಿ. ಯಾವ ಜಾಗದಲ್ಲಿ ಕುಡಿದಿಲ್ಲ ಅನ್ಸುತ್ತೆ, ಬೆರಳಿಟ್ಟು ತೋರ್ಸಿ."

ಬೂದು ಮಚ್ಚೆ. ಅದರ ಸುತ್ತ ಅವನ ಹೆಬ್ಬೆರಳು. ನನಗೆ ಕಾಣುವುದಿಲ್ಲ — ಎರಡೇ ಪದ ಸಾಕಿತ್ತು.

"ಹೌದು," ಎಂದೆ. "ಕುಡಿದ ಹಾಗೇ ಇದೆ."

"ಮತ್ತೆ! ಬನ್ನಿ, ಟೀ ಕುಡೀರಿ."

ಕುಡಿದು ಬಂದೆ.

13, ಗುರುವಾರ. ಸಂಜೆ 6

ನಿನ್ನೆ ಜ್ವರವೆಂದು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಇಂದು ಬೆಳಿಗ್ಗೆ ಸೊಸೆ ಹೊಲಿಗೆ ಮಿಷನ್ ನಿಲ್ಲಿಸಿ ಬಂದು ಹಣೆ ಮುಟ್ಟಿದಳು.

"ಮಾವ, ಹಣೆ ತಣ್ಣಗಿದೆ. ಏನಾಯ್ತು ಹೇಳಿ."

ಹೇಳಿದೆ. ಎಲ್ಲವನ್ನೂ. ಕಣ್ಣಿನ ವಿಷಯ ಬಂದಾಗ ಅವಳು ಬೆಚ್ಚಲಿಲ್ಲ.

"ಅದು ನಂಗೊತ್ತು. ಹೋದ ವಾರ ಒಂದು ಹಳೇ ಪೇಪರ್ ಕೊಟ್ಟೆ, ಪರೀಕ್ಷೆಗೇ ಅಂತ. ಮುಕ್ಕಾಲು ಗಂಟೆ ತಿರುವಿ ಹಾಕಿ, 'ಇವತ್ತು ಸುದ್ದಿಯಲ್ಲಿ ಸ್ವಾರಸ್ಯವಿಲ್ಲ' ಅಂದ್ರಿ." ಸಣ್ಣಗೆ ನಕ್ಕಳು. ನಂತರ ಅವಳ ದನಿ ಬದಲಾಯಿತು. "ಅತ್ತೆಗೂ ಹೀಗೇ ಶುರುವಾಗಿದ್ದು ಅಲ್ವಾ? ಮಂಗಳವಾರ ಗೊತ್ತಾಗಿದೆ ನಿಮಗೆ. ಎರಡು ದಿನದಿಂದ ಏನ್ ಮಾಡ್ತಾ ಇದ್ರಿ ಮಾವ?"

ಅವಳು ಸ್ಕೂಟರ್ ತೆಗೆದಳು.

ಕ್ಲಬ್ಬಿನ ಆಫೀಸು. ಗೇಟಿನ ಹೊರಗೆ ಮುನ್ನೂರು ಜನ, ಡೋಲು, ಅದೇ ಹಾಡು. ಮ್ಯಾನೇಜರರ ಮನೆಯ ವಿಳಾಸ ಕೇಳಿದರೆ ಕಾವಲುಗಾರ ನಕ್ಕ: "ಕಲ್ಲು ಹೊಡೆಯೋಕಾ ತಾತಾ? ಕೊಡಬಾರ್ದು ಅಂತ ಆರ್ಡರ್ ಆಗಿದೆ." ಮ್ಯಾನೇಜರರ ಫೋನು ಸ್ವಿಚ್ ಆಫ್. ಕೊನೆಗೆ ಡ್ರೈವರ್ ಮುಂದೆ ನಿಂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ — ನಾನು ಭಾನುವಾರ ಏನನ್ನೂ ನೋಡಲಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ದೃಢೀಕರಣ ಸುಳ್ಳು. ಆ ಮನುಷ್ಯನಿಗೆ ಲಕ್ವದ ಸೂಚನೆ ಇದೆ, ಅವರನ್ನು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಡೋಲು ನಿಂತಿತು.

"ಅಂದ್ರೆ ಇಷ್ಟು ವರ್ಷ ಬರೆದಿದ್ದೆಲ್ಲ ಹೀಗೇನಾ?" ಹಿಂದಿನಿಂದ ಯಾರೋ.

"ಮೊನ್ನೆ ಗೋಲು ಕೂಡ ನೋಡಿದೆ ಅಂದಿದ್ರಲ್ಲಪ್ಪಾ!" ಇನ್ನೊಬ್ಬ. ನಗು.

ಡ್ರೈವರ್ ನಗಲಿಲ್ಲ. ಬೈದಿದ್ದರೆ ತಡೆಯಬಹುದಿತ್ತು. ಮೆಲ್ಲಗೆ ಕೇಳಿದ: "ನೋಡದೇ ಇದ್ದಾಗ ನೋಡಿದೆ ಅಂದ್ರಿ. ಮೊನ್ನೆ ಡಿಪೋದಲ್ಲಿ ಕುಡಿದಿದಾನೆ ಅಂದ್ರಿ. ಈಗ ಕಾಯಿಲೆ ಅಂತೀರಿ. ಯಾವುದನ್ನ ನಂಬ್ಲಿ ಸಾರ್?"

ಅಷ್ಟರಲ್ಲಿ ಮಹಡಿಯ ಬಾಗಿಲು ತೆರೆದು ಮಂಡಳಿಯವರು ಹೊರಬಂದರು. ಮೈಕಿನಲ್ಲಿ ಓದಿದರು, ನನ್ನ ವಾಕ್ಯಗಳನ್ನೇ. ಪಾನಮತ್ತರಾಗಿ ಎಂಬಲ್ಲಿ ಕೂಗು. ಕಣ್ಣಾರೆ ಎಂಬಲ್ಲಿ ಇನ್ನೂ ದೊಡ್ಡ ಕೂಗು. ವಜಾ. ಡೋಲು ಮತ್ತೆ ಶುರುವಾಯಿತು.

ಸೊಸೆ ಪೊಲೀಸ್ ಠಾಣೆಗೂ ಕರೆದೊಯ್ದಳು. "ದೂರು ಕೊಡಬೇಕಾದವರು ಅವರ ಮನೆಯವರು," ಎಂದರು. ಅವರಿಗೆ ಮನೆಯವರಿಲ್ಲ, ಒಬ್ಬರೇ ಇರುವವರು.

ಭಾನುವಾರ ಕಳೆದು ನಾಳೆಗೆ ಐದನೆಯ ದಿನ.

14, ಶುಕ್ರವಾರ. ಬೆಳಿಗ್ಗೆ 10. ಆಸ್ಪತ್ರೆ

ಚೀಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಅಡಿಕೋಲಿಲ್ಲ; ಸಾಲುಗಳು ಒಂದರ ಮೇಲೊಂದು ಹತ್ತಿರಬಹುದು.

ಏಳು ಗಂಟೆಗೆ ಕತ್ತರಿ ಮನೆಗೇ ಬಂದ. ನಿನ್ನೆ ಊರಲ್ಲಿರಲಿಲ್ಲವಂತೆ, ಬಂದ ಮೇಲೆ ಸುದ್ದಿ ಕೇಳಿದನಂತೆ. "ವಿಳಾಸ ನನ್ನ ಕೇಳ್ಬಾರ್ದಾ ಸಾರ್? ಶೇವಿಂಗಿಗೆ ಹೋಗೋನು ನಾನೇ ಅಲ್ವಾ?" ಭಾನುವಾರ ಅವನು ಅದನ್ನು ಎಲ್ಲರೆದುರು ಹೇಳಿದ್ದ. ನಾನು ನಗುವವರ ಜೊತೆಗಿದ್ದೆ. ಮಂಗಳವಾರ ಅವನ ಕುರ್ಚಿಯಲ್ಲೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ.

ಮ್ಯಾನೇಜರರ ಮನೆ, ಮೂರನೆಯ ಮಹಡಿ. ಬಾಗಿಲ ಮೇಲೆ ಯಾರೋ ಮೊಟ್ಟೆ ಒಡೆದಿದ್ದರು, ಕೈಗೆ ಅಂಟಿತು. ತಟ್ಟಿದೆ. ಒಳಗೆ ಕುರ್ಚಿ ಉರುಳಿದ ಸದ್ದು. ಆಮೇಲೆ ಧ್ವನಿ, ಮಾತಿನ ಆಕಾರವಿಲ್ಲದ್ದು. ಚಿಲಕವನ್ನು ಹುಡುಕುವ ಕೈ ಮರದ ಮೇಲೆ ಜಾರಿ ಜಾರಿ ಕೆಳಕ್ಕೆ ಇಳಿಯಿತು. ಕತ್ತರಿ ಭುಜ ಕೊಟ್ಟು ಬಾಗಿಲು ಮುರಿದ. ಸೊಸೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ನಾನು ನೆಲದ ಮೇಲೆ ಕುಳಿತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವರು ನನ್ನ ತೋಳು ಹಿಡಿದರು, ಎಡಗೈಯಿಂದ. ಯಾರು ನೀವು ಎಂದು ಕೇಳುತ್ತಿದ್ದರೆಂದು ತೋರುತ್ತದೆ. ಹೇಳಲಿಲ್ಲ.

ಈಗ ಅವರು ಒಳಗಿದ್ದಾರೆ. ಉಸಿರಿದೆ ಎಂದರು. ಅದಕ್ಕಿಂತ ಹೆಚ್ಚು ಯಾರೂ ಹೇಳುತ್ತಿಲ್ಲ.

ನರ್ಸ್ ಬಂದು ಕೈಗೆ ಒಂದು ಫಾರಂ ಕೊಟ್ಟಳು. "ಕರ್ಕೊಂಡು ಬಂದವರು ನೀವೇ ತಾನೇ ಅಜ್ಜಾ? ಮೊದಲು ಯಾವಾಗ ಗೊತ್ತಾಯ್ತು, ಯಾಕೆ ತಡ ಆಯ್ತು, ಗಂಟೆ ಸಮೇತ ಬರೆದುಕೊಡಿ. ಡಾಕ್ಟರು ಕಾಯ್ತಿದಾರೆ."

ಸೊಸೆ ಪೆನ್ನು ತೆಗೆದುಕೊಳ್ಳಲು ಬಂದಳು. ಕೊಡಲಿಲ್ಲ. ಮೊದಲು ಇಲ್ಲಿ ಕರಡು ಮಾಡಿ, ಆಮೇಲೆ ಫಾರಮಿಗೆ ಇಳಿಸುತ್ತೇನೆ.

ಮಾನ್ಯ ವೈದ್ಯರಲ್ಲಿ ಅರಿಕೆ. ಸದರಿ ರೋಗಿಯ ಸ್ಥಿತಿಯ ಬಗ್ಗೆ ನನಗೆ ಯಾವುದೇ ಮಾಹಿತಿ

ಅಲ್ಲ.

ಸದರಿ ರೋಗಿಯ ಸ್ಥಿತಿ ಮಂಗಳವಾರ ಬೆಳಿಗ್ಗೆ ಹತ್ತೂವರೆ ಗಂಟೆಗೆ ನನಗೆ ಖಚಿತವಾಗಿ ತಿಳಿದಿತ್ತು. ನನ್ನನ್ನು ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ತಡವಾದುದಕ್ಕೆ ಕಾರಣ