ಸೂಜಿ ನಿಂತ ಪುಟ

ಸೋಮವಾರ, ತಾರೀಖು ಹನ್ನೊಂದು

ಚೂಟಿ,

ಮೊದಲು ಎದ್ದು ನೆಟ್ಟಗೆ ಕೂತುಕೋ. ಮಲಗಿಕೊಂಡು ಕಾಗದ ಓದುವ ನಿನ್ನ ಚಾಳಿ ಇನ್ನೂ ಹೋಗಿಲ್ಲ ಅಂತ ನನಗೆ ಗೊತ್ತು. ಉತ್ತರ ತಡವಾಯಿತು, ನಿಜ. ಅದು ನನ್ನ ತಪ್ಪಲ್ಲ, ನಿನ್ನ ಪ್ರಬಂಧದ್ದು. ನಾಲ್ಕನೇ ಕ್ಲಾಸು ಓದಿದವಳ ಮೇಲೆ ‘ಸಾಮ್ರಾಜ್ಯಶಾಹಿ’ ಅಂತ ಅಷ್ಟುದ್ದದ ಪದ ಎಸೆದರೆ ಹೇಗೆ? ಒಂದೇ ಪುಟದಲ್ಲಿ ಹನ್ನೊಂದು ಸಲ.

ಮುಂದಿನ ತಿಂಗಳು ಕಾಲೇಜಿನ ಸ್ಪರ್ಧೆಯಲ್ಲಿ ಓದಬೇಕು, ಕೇಳಿದವರು ಒಪ್ಪುತ್ತಾರಾ ನೋಡಿ ಹೇಳಜ್ಜಿ ಅಂತ ಬರೆದಿದ್ದೆಯಲ್ಲ, ನಾನೊಬ್ಬಳೇ ಹೇಗೆ ಹೇಳಲಿ? ನಿನ್ನ ಮಾವನ ಹೊಲಿಗೆ ಅಂಗಡಿಗೆ ಹಿಡಿದುಕೊಂಡು ಹೋದೆ. ಅಲ್ಲಿ ನಾವು ಐದು ಜನ ಕಾಜಾ, ಗುಂಡಿ ಅಂತ ಕೈಕೆಲಸ ಮಾಡುವವರು. ಮಧ್ಯಾಹ್ನ ಒಬ್ಬರು ಏನಾದರೂ ಓದುತ್ತಾರೆ, ಮಿಕ್ಕವರು ಹೊಲಿಯುತ್ತಾ ಕೇಳುತ್ತಾರೆ. ಚಪ್ಪಾಳೆ ಗಿಪ್ಪಾಳೆ ಇಲ್ಲ. ಸೂಜಿ ನಿಂತರೆ ಬರೆದದ್ದು ಗಟ್ಟಿ. ಹೋದ ವಾರ ಇಬ್ಬರು ಹೆಂಡಿರ ಗಂಡನ ಸುದ್ದಿಗೆ ನಾಲ್ಕೂ ಸೂಜಿ ನಿಂತಿದ್ದವು.

ನಿನ್ನ ಮೊದಲ ಪುಟಕ್ಕೆ ಒಂದೂ ನಿಲ್ಲಲಿಲ್ಲ. ಎರಡನೇ ಪುಟ ಮುಗಿಯುವಷ್ಟರಲ್ಲಿ ನಮ್ಮಲ್ಲಿ ಗುಂಡಿ ಹಚ್ಚುವ ಗುಂಡಿಯಕ್ಕ ಎರಡು ಅಂಗಿ ಮುಗಿಸಿಬಿಟ್ಟಳು. ಈ ಹುಡುಗಿಗೆ ಯಾರ ಮೇಲೆ ಸಿಟ್ಟು, ಆಸಾಮಿ ಯಾರು ಅಂತ ಹೇಳಬಾರದಾ ಅಂತ ಬೇರೆ ಕೇಳಿದಳು.

ಮೂರನೇ ಪುಟಕ್ಕೆ ನನ್ನ ಅಮ್ಮ ಬಂದಳು. ಹೊರದೇಶದ ದೊರೆಗೆ ಬಟ್ಟೆ ಹೊಲಿಯುತ್ತಿದ್ದವಳು. ಅವನು ನಮ್ಮ ಹೊಲ ಕಿತ್ತುಕೊಂಡು ಕುದುರೆ ಓಡಿಸುವ ಬಯಲು ಮಾಡಿಕೊಂಡಾಗ ಅವಳು ‘ತಲೆ ತಗ್ಗಿಸಿ ಮೌನವಾಗಿ ಕಣ್ಣೀರಿಟ್ಟಳು’ ಅಂತ ಬರೆದಿದ್ದೀಯ. ನಾಲ್ಕೂ ಸೂಜಿ ನಿಂತವು. ಗುಂಡಿಯಕ್ಕ ಯಾರದೋ ಹೊಸ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ನಾನು ಮಾತ್ರ ನಕ್ಕುಬಿಟ್ಟೆ.

ನಮ್ಮಮ್ಮ, ಮೌನವಾಗಿ! ಅವಳು ಅತ್ತರೆ ಮೂರು ಬೀದಿಗೆ ಕೇಳಿಸುತ್ತಿತ್ತು. ನಡೆದದ್ದು ಕೇಳು. ಅದೇ ವಾರ ದೊರೆ ಔತಣಕ್ಕೆ ಅಂತ ಹೊಸ ಕೋಟು ಹೊಲಿಸಿದ. ಅಮ್ಮ ಅಂದವಾಗಿ ಹೊಲಿದು, ನಾಲ್ಕೂ ಜೇಬಿನ ಬಾಯಿ ಮುಚ್ಚಿ ಹೊಲಿಗೆ ಹಾಕಿ ಕಳಿಸಿದಳು. ಔತಣದಲ್ಲಿ ಪಾಪ, ಅವನ ಕೈಗೆ ಜಾಗವೇ ಇಲ್ಲ. ಮಾರನೇ ದಿನ ಕರೆಸಿ ಕೂಗಾಡಿದನಂತೆ.

“ನಮ್ಮ ಹೊಲ ನಿಮ್ಮ ಜೇಬಿನೊಳಗೆ ಹೋಗಿದೆಯಲ್ಲ ದೊರೆ, ಬಿದ್ದುಹೋಗದಿರಲಿ ಅಂತ ಹೊಲಿದೆ” ಅಂದಳು ಅಮ್ಮ.

ಇದನ್ನು ಹೇಳಿದಾಗ ನಿನ್ನ ಮಾವನ ಮಷೀನೇ ನಿಂತಿತು, ತಿಳೀತಾ? ಇದನ್ನು ಓದು, ಯಾರು ಒಪ್ಪುವುದಿಲ್ಲವೋ ನೋಡೋಣ. ಅವನು ಹೊಲ ಕಿತ್ತುಕೊಂಡ, ನೀನು ಅವಳ ಬಾಯನ್ನೇ ಕಿತ್ತುಕೊಂಡೆಯಲ್ಲೇ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು.

ನಿನ್ನ ಅಜ್ಜಿ

ಮರೆತಿದ್ದು: ಈ ಕತೆ ನಿನಗೆ ಗೊತ್ತಿರಲಿಲ್ಲ, ಮೊನ್ನೆ ಅಂಗಡಿಯಲ್ಲಿ ಹೇಳುವ ತನಕ ನಾನು ಯಾರಿಗೂ ಹೇಳಿರಲಿಲ್ಲ. ಆ ಕೋಟಿನಿಂದ ಅಮ್ಮನ ಕೆಲಸ ಹೋಯಿತು, ನನ್ನನ್ನು ಶಾಲೆ ಬಿಡಿಸಿದರು. ‘ನಿನ್ನ ಪೊಗರಿಗೆ ನನ್ನ ಓದು ಹೋಯಿತು’ ಅಂತ ಅವಳನ್ನು ಸಾಯುವ ತನಕ ಹಂಗಿಸಿದೆ. ಒಂದು ದಿನವೂ ಅವಳು ತಿರುಗಿ ಮಾತಾಡಲಿಲ್ಲ. ನಿನ್ನ ಪ್ರಬಂಧದಲ್ಲಿ ತಪ್ಪೆಲ್ಲ ಆ ದೊರೆಯದೇ ಅಂತಿದೆ. ನಾಲ್ಕು ಸಲ ಓದಿದೆ. ಒಪ್ಪಿದೆ ಕಣೇ, ಆದರೆ ಹೋಗಿ ಅಮ್ಮನಿಗೆ ಹೇಳೋಣ ಅಂದರೆ ಅವಳಿಲ್ಲ. ಆ ಪುಟ ತಿದ್ದಿ, ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಕಾಗದ ಹಾಕು.