ದೀಪ ಹಾಕಿದರೆ ಏಳುವ ಮುಳ್ಳು

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಊಟ ಹೊಟ್ಟೆಗೆ ಒಗ್ಗಿತೇ? ಬೆನ್ನುನೋವು ಕಡಿಮೆಯಾಯಿತೇ? ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಕತ್ತು ಮಾತ್ರ ಎಡಗಡೆಗೆ ತಿರುಗುತ್ತಿಲ್ಲ. ಅದಕ್ಕೆ ಕಾರಣ ನೀನೂ ಅಪ್ಪನೂ ಶೆಡ್ಡಿನಲ್ಲಿ ಕೂಡಿ ಕಟ್ಟಿದ ಆ ವಿಮಾನ.

ಪೆಟ್ರೋಲ್ ಮೀಟರಿನ ಕಾಯಿಲೆ ಏನೆಂದು ಗೊತ್ತಾಯಿತು. ನೀನು ಹೋದಾಗ ಇದ್ದಂತೆಯೇ ಇತ್ತು. ಇಳಿಯುವಾಗ ಹಾಕುವ ದೊಡ್ಡ ದೀಪದ ಸ್ವಿಚ್ಚು ಒತ್ತಿದರೆ ಸಾಕು, ಕಾಲು ಟ್ಯಾಂಕಿನಲ್ಲಿದ್ದ ಮುಳ್ಳು ಎದ್ದು ಮುಕ್ಕಾಲಿಗೆ ಹೋಗಿ ಕೂರುತ್ತಿತ್ತು. ಆರಿಸಿದರೆ ಸಂಭಾವಿತನಂತೆ ಕೆಳಗಿಳಿಯುತ್ತಿತ್ತು. ಅದನ್ನು ನಂಬಿ ಹಾರಿದರೆ ಗತಿಯೇನು! ನೀವಿಬ್ಬರೂ ಕಚ್ಚಾಡಿದ್ದೂ ಅದಕ್ಕೇ. "ಇದು ನಿಮ್ಮ ಕಾಲದ ರೇಡಿಯೋ ಅಲ್ಲಪ್ಪ, ವೈರಿಂಗೇ ಸರಿಯಿಲ್ಲ" ಅಂತ ನೀನು, "ನೀನು ತಂದ ಮೀಟರೇ ಡಬ್ಬಾ" ಅಂತ ಅವರು. ಕೊನೆಗೆ ಹೋಗಿಬರ್ತೀನಿ ಅಂತ ಒಂದು ಮಾತೂ ಹೇಳದೆ ಚೀಲ ಹೆಗಲಿಗೇರಿಸಿ ನಡೆದೆ. ಜೀವನವಿಡೀ ರೇಡಿಯೋ ರಿಪೇರಿ ಮಾಡಿದವರಿಗೆ ಅದು ಹೇಗೆ ನಾಟಿತೆಂದರೆ, ಶೆಡ್ಡಿಗೆ ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟುಬಿಟ್ಟರು.

ಮೊನ್ನೆ ಕೀಲಿ ವಾಪಸು ಕೇಳಿದರು. ನಾನೂ ಜೊತೆಗೆ ಹೋದೆ. ನಮ್ಮ ಕ್ಲಿನಿಕ್ಕಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತಂದಿದ್ದೆ (ಡಾಕ್ಟರನ್ನು ಕೇಳಿಯೇ ತಂದೆ, ಹುಬ್ಬೇರಿಸಬೇಡ). ಕಾಲನ್ನು ಸೀಟಿನ ಬೆನ್ನಿಗೆ ಹಾಕಿ, ತಲೆಯನ್ನು ಪೆಡಲುಗಳ ನಡುವೆ ತೂರಿಸಿ, ಪ್ಯಾನೆಲ್ಲಿನ ಹಿಂಬದಿಗೆ ಕನ್ನಡಿ ಹಿಡಿದು ಮಲಗಿದೆ. "ಹುಳುಕು ಎಲ್ಲಿದೆ ನೋಡಮ್ಮ" ಅಂತ ಅಪ್ಪನ ತಮಾಷೆ ಬೇರೆ. ಮೀಟರನ್ನು ಬೇರೆಯಾಗಿ ಪರೀಕ್ಷಿಸಿದೆವು, ಅದು ನಿರ್ದೋಷಿ. ಟ್ಯಾಂಕಿನಿಂದ ಬರುವ ವೈರೂ ಸರಿ. ಆಮೇಲೆ ಅಪ್ಪ ಒಂದು ಉದ್ದದ ವೈರು ತಂದು, ಒಂದು ತುದಿಯನ್ನು ಮೀಟರಿನ ಅರ್ತಿಂಗಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, "ಈಗ ದೀಪ ಹಾಕು" ಅಂದರು. ಹಾಕಿದೆ. ಮುಳ್ಳು ಅಲುಗಲಿಲ್ಲ. ವೈರು ತೆಗೆದರೆ ಮತ್ತೆ ಎದ್ದಿತು. ಅಂದರೆ, ಪ್ಯಾನೆಲ್ಲಿನ ಲೋಹದ ಮೂಲಕ ಬ್ಯಾಟರಿಗೆ ಹಿಂದಿರುಗಬೇಕಾದ ಕರೆಂಟಿಗೆ ಸರಿಯಾದ ದಾರಿಯಿಲ್ಲದೆ, ದೀಪ ಹಾಕಿದಾಗಲೆಲ್ಲ ಮೀಟರಿನ ಲೆಕ್ಕ ತಪ್ಪುತ್ತಿತ್ತು. ಅರ್ತಿಂಗ್ ವೈರುಗಳೆಲ್ಲ ಸೇರುವ ದೊಡ್ಡ ನಟ್ಟನ್ನು ಅಪ್ಪ ಬಿಚ್ಚಿದರು. ಅದರಡಿಯನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಉಜ್ಜಿ, ಮತ್ತೆ ಬಿಗಿದು, ಹೊರಬಂದು, "ನಟ್ಟು ಸಡಿಲ ಬಿಟ್ಟಿದ್ದು ನಾನೇ. ಅವನು ಹೇಳಿದ್ದೇ ಸರಿ ಅಂತ ಬರಿ" ಅಂದರು. ಬರೆದಿದ್ದೇನೆ.

ಅಮ್ಮನಿಗೆ ಖುಷಿಯೋ ಖುಷಿ. ಪ್ಯಾನೆಲ್ಲಿಗೆ ತಾನು ಬಳಿದ ಬೂದು ಬಣ್ಣಕ್ಕೆ ಒಂದು ಗೀರೂ ಬಿದ್ದಿಲ್ಲವೆಂದು ಬಟ್ಟೆ ಹಿಡಿದು ಒರೆಸಿ ಬಂದಳು. ಇಡೀ ವಿಮಾನದಲ್ಲಿ ತನ್ನ ಕೈಕೆಲಸ ಅದೊಂದೇ ಎಂದು ಬಂದವರಿಗೆಲ್ಲ ತೋರಿಸುತ್ತಾಳಲ್ಲ! ಎಂದಿನಂತೆ ಈ ಕಾಗದವನ್ನೂ ಓದಿ, ನನ್ನ ಕೋಳಿಕಾಲು ಅಕ್ಷರಕ್ಕೆ ಬೈದೇ ಕೊಡುತ್ತಾಳೆ.

ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ಇದರ ಜೊತೆಗಿದೆ. ಡ್ಯೂಟಿ ಅಂತ ನಿದ್ದೆಗೆಡಬೇಡ.

ನಿನ್ನ ಅಕ್ಕ

ಮರೆತ ಮಾತು: ಅಮ್ಮ ಓದಿ ಕೊಟ್ಟಾಯಿತು, ಸೋಮವಾರ ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ನಿಂತು ಗೀಚುತ್ತಿದ್ದೇನೆ. ಇಷ್ಟು ಹೊತ್ತಿಗೆ ನೀನು ಹುಬ್ಬು ಗಂಟಿಕ್ಕಿರಬೇಕು. ಆ ನಟ್ಟು ಬಿಗಿದವನು ನೀನೇ ಅಲ್ಲವೇನೋ? ಅದು ಸಡಿಲವೇ ಇರಲಿಲ್ಲ, ಸ್ಪ್ಯಾನರಿಗೂ ಸುಲಭಕ್ಕೆ ಜಗ್ಗಲಿಲ್ಲ. ಅದರಡಿಯಲ್ಲಿ ಬೂದು ಬಣ್ಣವಿತ್ತು, ನಾನೇ ಕನ್ನಡಿಯಲ್ಲಿ ಕಂಡೆ. ಬಣ್ಣದ ಮೂಲಕ ಕರೆಂಟು ಹಾಯುವುದೇ? ಅರ್ತಿಂಗಿಗೆಂದು ಅಪ್ಪ ಲೋಹ ಹೊಳೆಯುವಂತೆ ಉಜ್ಜಿಟ್ಟಿದ್ದ ಜಾಗವನ್ನು ಅಮ್ಮ ಗೀರೆಂದುಕೊಂಡು ಮತ್ತೆ ಬಳಿದಿದ್ದಾಳೆ. ನೀನು ನೋಡದೆ ಅದರ ಮೇಲೆಯೇ ಬಿಗಿದಿದ್ದೀಯ. ಅಪ್ಪನ ವೈರಿಂಗಿನಲ್ಲಿ ಒಂದು ತಪ್ಪೂ ಇಲ್ಲ. "ಇಬ್ಬರಿಗೂ ಹೇಳಬೇಡ" ಅಂದಿದ್ದಾರೆ. ಅಮ್ಮನಿಗೆ ಹೇಳುವುದಿಲ್ಲ. ನಿನಗೆ ಹೇಳದಿರಲು ನನ್ನಿಂದಾಗಲಿಲ್ಲ. ಮುಂದಿನ ಬಂದರಿನಿಂದ ಮನೆಗೆ ಫೋನ್ ಮಾಡು. ಮೀಟರಿನ ಮಾತೆತ್ತಬೇಡ. ಅವತ್ತು ಹೇಳದೆ ಹೋದೆಯಲ್ಲ, "ಹೋಗಿಬರ್ತೀನಿ ಅಪ್ಪಾ" ಅಂತ, ಅಷ್ಟು ಹೇಳು.