ಗೋರಿಯ ಮೇಲಿನ ಶಂಖ

ಆಕುಲ್, ಹೈಟಿ
ಸ್ವಾತಂತ್ರ್ಯದ ಎರಡನೇ ವರ್ಷ, ಮಾರ್ಚ್ 9

ಮಗ ಅಜೋರ್‌ಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಬೇಸರಪಟ್ಟುಕೊಳ್ಳಬೇಡ. ನನಗಾಗಿ ಬರೆಯುವ ನಿಕೇಸ್ ಮಾವನಿಗೆ ಚಳಿಜ್ವರ ಬಂದಿತ್ತು. ಕೈ ಇನ್ನೂ ನಡುಗುತ್ತದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ನಿನಗೆ ಸಾರ್ಜೆಂಟ್ ಪಟ್ಟಿ ಸಿಕ್ಕಿತಂತೆ, ಸಂತೋಷ. ಬೂಟು ಕೊಟ್ಟರೇ? ಇಲ್ಲಿ ಈಗ ಯಾರೂ ನಮ್ಮನ್ನು ಗುಲಾಮರೆನ್ನುವುದಿಲ್ಲ. ಆದರೆ ಅದೇ ಕಬ್ಬಿನ ತೋಟಕ್ಕೆ ಹೋಗಬೇಕೆಂದು ನಮ್ಮ ಸರ್ಕಾರದ ಆಜ್ಞೆ. ಚಾವಟಿ ಹೋಗಿದೆ, ಬಳ್ಳಿಯ ಬೆತ್ತ ಬಂದಿದೆ. ನನಗೆ ಸಿಟ್ಟೂ ಬರುತ್ತಿಲ್ಲ.

ರಹದಾರಿ ಇಲ್ಲದೆ ತೋಟ ಬಿಡುವ ಹಾಗಿಲ್ಲ. ನಿನ್ನ ಅಧಿಕಾರಿಯಿಂದ ನನಗೊಂದು ಕೊಡಿಸು. ಬೆಟ್ಟಕ್ಕೆ ಹೋಗಿ ನಿನ್ನಪ್ಪನ ಗೋರಿಯ ಬಳಿ ಮೇಣದಬತ್ತಿ ಹಚ್ಚಬೇಕು. ಅವರ ಶಂಖವನ್ನು ನಮ್ಮ ಪದ್ಧತಿಯಂತೆ ನೀನೇ ಗೋರಿಯ ಮೇಲಿಟ್ಟು ಬಂದಿರುವುದಾಗಿ, ಅದೇ ಗುರುತು ಎಂದು ಹೇಳಿದ್ದೆಯಲ್ಲ.

ತೋಟದ ಹಳೆಯ ಗಂಟೆಯನ್ನು ದಂಗೆ ಎದ್ದ ವರ್ಷವೇ ಹೊಳೆಗೆ ಎಸೆದಿದ್ದೆವು. ಹಾಗಾಗಿ ಹೋದ ಸೋಮವಾರ ಮೇಸ್ತ್ರಿ ಷಾರ್ಲೋ ಕೆಲಸಕ್ಕೆ ಕರೆಯಲು ಶಂಖ ಊದಿದ. ಹನ್ನೆರಡು ವರ್ಷ ಶಂಖ ಕೇಳಿದಾಗಲೆಲ್ಲ ಶತ್ರುಸೈನ್ಯ ಬಂತೆಂದು ಮನೆಗೆ ಬೆಂಕಿಯಿಟ್ಟು ಬೆಟ್ಟ ಹತ್ತಿದವರು ನಾವು. ನಾನು ಮಚ್ಚು, ಗೆಣಸಿನ ಗಂಟು ಹಿಡಿದು ಅರ್ಧ ದಾರಿ ಓಡಿಬಿಟ್ಟೆ. ರೋಸಿನ್ ಅತ್ತೆ ತನ್ನ ಗುಡಿಸಲಿಗೆ ಕೊಳ್ಳಿ ಇಟ್ಟೇಬಿಟ್ಟಿದ್ದಳು.

"ಯಾರ ಮೇಲೆ ದಂಡೆತ್ತಿ ಹೊರಟ್ರಿ ಉರ್ಸುಲಕ್ಕ, ಕಬ್ಬಿನ ಮೇಲಾ?" ಎಂದು ಷಾರ್ಲೋ ನಕ್ಕ.

"ಮನೆ ಸುಟ್ಟಿದ್ದಾಯ್ತು, ಬಾ, ನಿನ್ನ ಮೀಸೆ ಒಂದು ಉಳಿದಿದೆ," ಎಂದಳು ರೋಸಿನ್. ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ, ನಿಕೇಸ್ ಮಾವ ಹೇಳುತ್ತಾನೆ.

ಹೊತ್ತಿಗೆ ಸರಿಯಾಗಿ ಊಟಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ
ಉರ್ಸುಲ್

ಇನ್ನೊಂದು ಮಾತು. ಷಾರ್ಲೋ ಊದಿದ ಆ ಶಂಖವನ್ನು ಕೈಗೆ ತೆಗೆದುಕೊಂಡು ನೋಡಿದೆ. ಅಪ್ಪ ಬೀಳಿಸಿ ಮುಕ್ಕಾದ ಅಂಚು ಹಾಗೇ ಇದೆ, ನಾನು ಕಟ್ಟಿದ ಕೆಂಪು ನೂಲೂ ಇದೆ. "ನಿಮ್ಮ ಅಜೋರನೇ ಕೊಟ್ಟಿದ್ದು. ಮನೇಲಿ ಹೇಳ್ಬೇಡ ಅಂದಿದ್ದ," ಎಂದ ಷಾರ್ಲೋ. ಅಪ್ಪ ಸಾಯುವಾಗ ಜೊತೆಗಿದ್ದವನು ನೀನೊಬ್ಬನೇ. "ಇದನ್ನೂ ಬರೀಲಾ?" ಎಂದು ನಿಕೇಸ್ ಮಾವ ಕೇಳುತ್ತಿದ್ದಾನೆ. ಬರಿ ಎಂದೆ. ಶಂಖ ಮೇಸ್ತ್ರಿಯ ಬಳಿಯೇ ಇರಲಿ, ನಾನು ಬೈಯುವುದಿಲ್ಲ. ಬೆಟ್ಟದಲ್ಲಿ ಅಪ್ಪನನ್ನು ಮಣ್ಣು ಮಾಡಿದೆಯೋ ಇಲ್ಲವೋ, ಅಷ್ಟು ತಿಳಿಸು. ಗೋರಿ ಇಲ್ಲವಾದರೆ ರಹದಾರಿ ಬೇಡ.